ಮೀಡಿಯಮ್ ಅಂದರೆ ಎಷ್ಟು? ಕಟಿಂಗ್, ಜೆಲ್, ವ್ಯಾಕ್ಸ್‌ಗಳ ಒಳಗುಟ್ಟು

ಕೆಲ ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ಊರಿನ ಕಟಿಂಗ್ ಅಂಗಡಿಯವರಿಗೆ ಪತ್ರ ಬರೆದದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಶಾಲೆಯ ಹುಡುಗರಿಗೆ ‘ಹೆಬ್ಬುಲಿ ಕಟಿಂಗ್’ ಮಾಡಬೇಡಿ ಎಂಬುದು ಪತ್ರದ ಸಾರ. 2017ರ ಸುದೀಪ್ ಚಿತ್ರದಿಂದ ಹೆಸರು ಪಡೆದ ಈ ಕಟಿಂಗ್‌ನಲ್ಲಿ ಪಕ್ಕದ ಕೂದಲನ್ನು ಬುಡದವರೆಗೆ ಇಳಿಸಿ, ನೆತ್ತಿಯ ಮೇಲೆ ಮಾತ್ರ ದಟ್ಟವಾಗಿ ಬಿಡುತ್ತಾರೆ. ಬೆಂಗಳೂರಿನ ಏಸಿ ಸಲೂನಿಗೆ ಹೋದರೆ ಹೆಚ್ಚುಕಮ್ಮಿ ಇದೇ ಕಟಿಂಗ್‌ಗೆ ‘ಅಂಡರ್‌ಕಟ್’ ಎಂದು ಹೆಸರು, ದರ ಮೂರ್ನಾಲ್ಕು ಪಟ್ಟು.

ಹಿಂದೆ ಕುರ್ಚಿಯಲ್ಲಿ ಕೂತು ‘ಮೀಡಿಯಮ್ ಮಾಡಿ’ ಅಂದರೆ ಮಾತು ಮುಗಿಯುತ್ತಿತ್ತು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಮ್ಮರ್ ಕಟ್, ಎನ್‌ಸಿಸಿ ಹುಡುಗರಿಗೆ ಮಿಲಿಟರಿ ಕಟ್, ಸ್ವಲ್ಪ ಶೋಕಿಯವರಿಗೆ ಸ್ಟೆಪ್ ಕಟಿಂಗ್. ಈಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ‘ಲೋ ಫೇಡಾ, ಮಿಡ್ ಫೇಡಾ ಅಣ್ಣಾ?’ ಎಂದು ಕೇಳುತ್ತಾರೆ. ಕನ್ನಡಿಯ ಕೆಳಗೆ ಜೆಲ್, ವ್ಯಾಕ್ಸ್, ಕ್ಲೇ, ಪೌಡರ್ ಡಬ್ಬಿಗಳ ಸಾಲು. ಹೆಸರುಗಳು ಇನ್ನೂ ಬದಲಾಗುತ್ತಲೇ ಇರುತ್ತವೆ. ಅವುಗಳ ಹಿಂದಿರುವ ಲೆಕ್ಕ ಮಾತ್ರ ಅಷ್ಟೇನೂ ಬದಲಾಗಿಲ್ಲ.

ನಂಬರ್‌ನ ಲೆಕ್ಕ

ಮೊದಲು ಮಷೀನಿನಿಂದ ಶುರು ಮಾಡೋಣ. ಅಮೆರಿಕದ ಲಿಯೋ ವಾಲ್ ಎಂಬಾತ 1919ರಲ್ಲಿ ವಿದ್ಯುತ್ ಕ್ಲಿಪರ್‌ಗೆ ಪೇಟೆಂಟ್ ಅರ್ಜಿ ಹಾಕಿದ. ಇವತ್ತಿಗೂ ಕ್ಲಿಪರ್‌ನ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಯ ನಂಬರ್ ನಡೆಯುವುದು ಅಂಗುಲದ ಲೆಕ್ಕದಲ್ಲೇ. ಒಂದೊಂದು ನಂಬರ್‌ಗೆ ಅಂಗುಲದ ಎಂಟನೇ ಒಂದು ಭಾಗ. ಅಂದರೆ ಒಂದನೇ ನಂಬರ್ ಸುಮಾರು 3 ಮಿ.ಮೀ., ಎರಡು 6, ಮೂರು ಹತ್ತಿರಹತ್ತಿರ 10, ನಾಲ್ಕು 13. ಎಂಟನೇ ನಂಬರ್ ಪೂರ್ತಿ ಒಂದು ಅಂಗುಲ, ಅಂದರೆ 25 ಮಿ.ಮೀ. ಬಾಚಣಿಗೆಯನ್ನೇ ಹಾಕದೆ ಬರೀ ಬ್ಲೇಡ್ ಓಡಿಸಿದರೆ ಅದೇ ‘ಝೀರೋ’.

ಎಡವಟ್ಟು ಆಗುವುದು ಇಲ್ಲೇ. ಮನೆಬಳಕೆಯ ಟ್ರಿಮರ್‌ಗಳಲ್ಲಿ ತಿರುಗಿಸುವ ಚಕ್ರದ ಮೇಲಿರುವುದು ಸಾಮಾನ್ಯವಾಗಿ ನೇರ ಮಿಲಿಮೀಟರ್. ಅಲ್ಲಿಯ ‘2’ ಅಂದರೆ 2 ಮಿ.ಮೀ., ಕ್ಲಿಪರ್‌ನ ಎರಡನೇ ನಂಬರ್‌ನ ಮೂರನೇ ಒಂದು ಪಾಲು. ಹಲವು ಸಣ್ಣ ಅಂಗಡಿಗಳಲ್ಲಿ ಎರಡೂ ಬಗೆಯ ಮಷೀನ್ ಇರುತ್ತವೆ. ಹಾಗಾಗಿ ‘ಸೈಡ್ ಎರಡು ಹಾಕಿ’ ಎಂದು ಸುಮ್ಮನಾಗುವ ಬದಲು ‘ಅರ್ಧ ಸೆಂಟಿಮೀಟರ್‌ನಷ್ಟು ಇರಲಿ’ ಎನ್ನುವುದು, ಇಲ್ಲವೇ ಬೆರಳಲ್ಲೇ ಅಳತೆ ತೋರಿಸುವುದು ಕ್ಷೇಮ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಹತ್ತು ದಿನಕ್ಕೆ ಮೂರೂವರೆ ಮಿ.ಮೀ. ಎಂದಿಟ್ಟುಕೊಳ್ಳಿ. ಇವತ್ತು ಒಂದನೇ ನಂಬರ್ ಹಾಕಿಸಿದ ಜಾಗ ಹತ್ತು ದಿನದಲ್ಲಿ ಎರಡನೇ ನಂಬರ್ ಆಗಿರುತ್ತದೆ. ನೆತ್ತಿಯ ಮೇಲೆ ಎಂಟು ಸೆಂಟಿಮೀಟರ್ ಇದ್ದವರಿಗೆ ಅದೇ ಬೆಳವಣಿಗೆ ಕಣ್ಣಿಗೇ ಬೀಳುವುದಿಲ್ಲ. ಕಟಿಂಗ್ ಗಿಡ್ಡವಾದಷ್ಟೂ ಬೇಗ ಕೆಡುತ್ತದೆ, ಸಲೂನಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ‘ಗಿಡ್ಡ ಮಾಡಿಸಿದರೆ ಎರಡು ತಿಂಗಳು ಚಿಂತೆಯಿಲ್ಲ’ ಎಂಬ ಮನೆಯ ಹಿರಿಯರ ಉಳಿತಾಯದ ಲೆಕ್ಕ ತಲೆಯಿಡೀ ಒಂದೇ ಅಳತೆ ಇದ್ದಾಗ ನಡೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಅಳತೆ ಏರುತ್ತಾ ಹೋಗುವ ಫೇಡ್‌ಗೆ ಅದು ಹೊಂದುವುದಿಲ್ಲ.

ಫೇಡ್, ಟೇಪರ್, ಅಂಡರ್‌ಕಟ್

ಮೂರರಲ್ಲೂ ಪಕ್ಕ ಗಿಡ್ಡ, ಮೇಲೆ ಉದ್ದ. ಗಿಡ್ಡದಿಂದ ಉದ್ದಕ್ಕೆ ಹೇಗೆ ಹೋಗುತ್ತಾರೆ ಎಂಬುದರಲ್ಲಿ ವ್ಯತ್ಯಾಸ.

ಫೇಡ್‌ನಲ್ಲಿ ಕೆಳಗೆ ಚರ್ಮ ಕಾಣುವಷ್ಟು ಇಳಿಸಿ, ಮೇಲೇರುತ್ತಾ ಝೀರೋ, ಅರ್ಧ, ಒಂದು, ಎರಡು ಎಂದು ಅಳತೆ ಏರಿಸುತ್ತಾರೆ. ನಡುವೆ ಗೆರೆ ಕಾಣಬಾರದು. ಕೆಲಸಗಾರನ ಕೈಚಳಕ ಗೊತ್ತಾಗುವುದು ಇಲ್ಲಿಯೇ: ಕಿವಿಯ ಹಿಂದಿನ ಮೂಳೆಯ ಉಬ್ಬಿನ ಮೇಲೆ ಮಷೀನನ್ನು ಒತ್ತದೆ, ಮಣಿಕಟ್ಟು ಹೊರಳಿಸಿ ಎತ್ತುತ್ತಾ ಹೋಗಬೇಕು. ಒತ್ತಿದರೆ ಅಲ್ಲೊಂದು ಬಿಳಿ ತೇಪೆ ಖಚಿತ. ಈ ಇಳಿಜಾರು ಕಿವಿಯ ಮಟ್ಟದಲ್ಲೇ ಮುಗಿದರೆ ಲೋ ಫೇಡ್, ಹುಬ್ಬಿನ ತುದಿಯ ಆಸುಪಾಸು ಬಂದರೆ ಮಿಡ್, ಅದನ್ನೂ ದಾಟಿ ಮೇಲೇರಿದರೆ ಹೈ.

ಟೇಪರ್ ಇದರ ಸೌಮ್ಯ ರೂಪ. ಕಿವಿಯ ಮುಂದೆ ಮತ್ತು ಕತ್ತಿನ ಹಿಂದೆ ಮಾತ್ರ ಸಣ್ಣಗೆ ಇಳಿಸುತ್ತಾರೆ, ಚರ್ಮ ಅಷ್ಟಾಗಿ ಕಾಣದು. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುವವರು ‘ಮೀಡಿಯಮ್’ ಎಂದು ಕೇಳಿ ಮಾಡಿಸಿಕೊಳ್ಳುವುದು ಬಹುಪಾಲು ಇದನ್ನೇ. ಮೂರ್ನಾಲ್ಕು ವಾರ ಹೋದರೂ ಅಸಹ್ಯ ಅನ್ನಿಸುವುದಿಲ್ಲ.

ಅಂಡರ್‌ಕಟ್‌ನಲ್ಲಿ ಇಳಿಜಾರೇ ಇಲ್ಲ. ಪಕ್ಕ ಪೂರ್ತಿ ಒಂದೇ ಗಿಡ್ಡ ಅಳತೆ, ಅದರ ಮೇಲೆ ಥಟ್ಟನೆ ಉದ್ದ ಕೂದಲು. ಹೆಬ್ಬುಲಿ ಕಟಿಂಗ್‌ನ ಬುಡವೂ ಇದೇ. ಮಾಡುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ. ಬೇಡವೆನಿಸಿದಾಗ ಪಕ್ಕದ ಕೂದಲು ಮೇಲಿನದನ್ನು ಹಿಡಿಯಲು ತಿಂಗಳುಗಟ್ಟಲೆ ಬೇಕು. ಆ ಮಧ್ಯದ ದಿನಗಳಲ್ಲಿ ಕೂದಲು ಕಿವಿಯ ಮೇಲೆ ಅಡ್ಡಕ್ಕೆ ನಿಂತಿರುತ್ತದೆ.

ಸುಳಿ ಹೇಳಿದ ಹಾಗೆ

ದುಂಡು ಮುಖಕ್ಕೆ ಇದು, ಉದ್ದ ಮುಖಕ್ಕೆ ಅದು ಎಂಬ ಚಿತ್ರಪಟಗಳನ್ನು ಎಲ್ಲರೂ ನೋಡಿದ್ದೇವೆ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ದುಂಡು ಮುಖದವರು ಪಕ್ಕ ಇಳಿಸಿ ಮೇಲೆ ಎತ್ತರ ಬಿಟ್ಟರೆ ಮುಖ ತುಸು ಉದ್ದ ಕಾಣುತ್ತದೆ, ಉದ್ದ ಮುಖದವರು ಹಾಗೆ ಮಾಡಿದರೆ ಇನ್ನೂ ಉದ್ದವಾಗುತ್ತದೆ. ಅಷ್ಟು ತಿಳಿದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕೂದಲು ಯಾವ ಕಡೆಗೆ ಬೆಳೆಯುತ್ತದೆ, ಎಷ್ಟು ದಪ್ಪ, ಎಷ್ಟು ಒತ್ತು ಎಂಬುದು.

ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ತಮಾಷೆ ಮಾಡುವುದುಂಟು. ಮದುವೆಯ ವಿಷಯ ಬಿಡಿ, ಎರಡು ಸುಳಿ ಇದ್ದರೆ ಕಟಿಂಗ್ ಮಾಡುವವರಿಗೆ ಎರಡು ಪಟ್ಟು ಕೆಲಸವಂತೂ ಹೌದು. ನೆತ್ತಿಯ ಹಿಂದೆ ಕೂದಲು ಒಂದು ಬಿಂದುವಿನ ಸುತ್ತ ತಿರುಗಿ ಹುಟ್ಟುವ ಜಾಗವೇ ಸುಳಿ. ಕೂದಲಿನ ಬೇರು ಚರ್ಮದೊಳಗೆ ಓರೆಯಾಗಿ ಕೂತಿರುತ್ತದೆ. ಆ ಓರೆಯನ್ನು ಯಾವ ಕತ್ತರಿಯೂ ಬದಲಿಸದು, ಯಾವ ಜೆಲ್ಲೂ ಬದಲಿಸದು. ಸುಳಿಯ ಸುತ್ತ ಎರಡು ದಾರಿ ಇವೆ: ಎದ್ದು ನಿಲ್ಲಲೂ ಆಗದಷ್ಟು ಗಿಡ್ಡ ಮಾಡುವುದು, ಇಲ್ಲವೇ ತನ್ನ ಭಾರಕ್ಕೆ ತಾನೇ ಮಲಗುವಷ್ಟು ಉದ್ದ ಬಿಡುವುದು. ನಡುವಿನ ಅಳತೆಯಲ್ಲಿ ಜುಟ್ಟು ಎದ್ದೇ ನಿಲ್ಲುತ್ತದೆ. ಹಣೆಯ ಮೇಲೂ ಕೆಲವರಿಗೆ ಹೀಗೊಂದು ಸುಳಿ ಇರುತ್ತದೆ. ಅಂಥವರು ಮುಂಗೂದಲನ್ನು ಹಣೆಗೆ ಇಳಿಬಿಡುವ ಕಟಿಂಗ್ ಆರಿಸಿದರೆ ಬೆಳಿಗ್ಗೆ ಬೆಳಿಗ್ಗೆ ಕನ್ನಡಿಯ ಮುಂದೆ ಜಗಳವೇ.

ಬೈತಲೆಯ ವಿಷಯವೂ ಅಷ್ಟೇ. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿ, ನೆತ್ತಿಯನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ಸಾಮಾನ್ಯವಾಗಿ ಕೂದಲು ತಾನಾಗಿ ಒಂದು ಕಡೆ ಬಿರಿಯುತ್ತದೆ. ಬೈತಲೆಗೆ ಅದೇ ಜಾಗ.

ನೇರ, ದಪ್ಪ ಕೂದಲನ್ನು ಗಿಡ್ಡ ಮಾಡಿದರೆ ಹಂದಿಮುಳ್ಳಿನ ಹಾಗೆ ನೆಟ್ಟಗಾಗುತ್ತದೆ, ಸ್ಪೈಕ್ ಬೇಕಾದವರಿಗೆ ಅದೇ ಅನುಕೂಲ. ಒತ್ತು ಕೂದಲಿನವರಿಗೆ ಉದ್ದ ಕಡಿಮೆ ಮಾಡದೆ ಭಾರ ಮಾತ್ರ ತೆಗೆಯಲು ಹಲ್ಲುಹಲ್ಲಿನ ಥಿನ್ನಿಂಗ್ ಕತ್ತರಿ ಇದೆ. ತೆಳ್ಳಗಿರುವವರಿಗೆ ಅದನ್ನೇ ಹಾಕಿದರೆ ಇದ್ದದ್ದೂ ಹೋದಂತೆ ಕಾಣುತ್ತದೆ, ಬೇಡವೆಂದು ಮೊದಲೇ ಹೇಳಬೇಕು. ಗುಂಗುರು ಕೂದಲು ಒಣಗಿದ ಮೇಲೆ ಸುರುಳಿ ಸುತ್ತಿ ಮೇಲೇರುತ್ತದೆ. ಒದ್ದೆಯಿರುವಾಗ ಬೇಕಾದಷ್ಟೇ ಕತ್ತರಿಸಿದರೆ ಮನೆಗೆ ಬರುವ ಹೊತ್ತಿಗೆ ಗಿಡ್ಡವಾಗಿರುತ್ತದೆ. ಎರಡು ಬೆರಳಷ್ಟು ಹೆಚ್ಚೇ ಬಿಡಿಸಿಕೊಳ್ಳಿ, ಉಳಿದದ್ದನ್ನು ಒಣಗಿದ ಮೇಲೆ ತೆಗೆಸಬಹುದು.

ಕುರ್ಚಿಯಲ್ಲಿ ಕೂತ ಮೇಲೆ

ನಟನ ಫೋಟೋ ತೋರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ನಟನ ಕೂದಲಿನ ಜಾತಿ ನಿಮ್ಮದೂ ಆಗಿರಬೇಕು. ಅದಕ್ಕಿಂತ ನಿಮ್ಮದೇ ಹಳೆಯ ಫೋಟೋ, ಕಟಿಂಗ್ ಚೆನ್ನಾಗಿ ಬಂದಿದ್ದ ದಿನದ್ದು, ಮುಂದಿನಿಂದ ಒಂದು, ಪಕ್ಕದಿಂದ ಒಂದು ಇದ್ದರೆ ಕೆಲಸ ಸಲೀಸು. ಬಾಯಲ್ಲಿ ಹೇಳುವುದಾದರೆ ಹೀಗೆ:

‘ಅಣ್ಣಾ, ಸೈಡು, ಹಿಂದೆ ಮೂರನೇ ನಂಬರ್. ಕಿವಿ ಹತ್ತಿರ ಮಾತ್ರ ಇನ್ನೂ ಸಣ್ಣಗೆ ಇಳಿಸಿ. ಮೇಲೆ ಮಷೀನ್ ಬೇಡ, ಕತ್ತರಿಯಲ್ಲೇ ಮಾಡಿ, ಮುಂದೆ ಇಷ್ಟು ಇರಲಿ. ನಾನು ಬಾಚೋದು ಎಡಕ್ಕೆ. ಇನ್ನು ಬರೋದು ತಿಂಗಳಾದ ಮೇಲೇ.’

ಕೊನೆಯ ವಾಕ್ಯ ಹೇಳುವವರು ಕಡಿಮೆ. ಆದರೆ ಅನುಭವಿ ಕೆಲಸಗಾರ ಅದನ್ನು ಕೇಳಿದ ಮೇಲೆ ಕತ್ತರಿ ಹಿಡಿಯುವ ರೀತಿಯೇ ಬೇರೆ. ಬೆಳೆದ ಮೇಲೂ ಆಕಾರ ಉಳಿಯಲಿ ಎಂದು ಅಂಚುಗಳನ್ನು ತೀರಾ ಗೆರೆ ಕೊರೆದಂತೆ ಮಾಡುವುದಿಲ್ಲ. ಕತ್ತಿನ ಹಿಂದೆ ‘ರೌಂಡಾ, ಸ್ಕ್ವೇರಾ’ ಎಂದು ಕೇಳಿದಾಗ, ಎರಡೂ ಬೇಡ, ತಾನಾಗಿ ಕರಗುವ ಹಾಗೆ ಬಿಡಿ ಎನ್ನುವುದಕ್ಕೂ ಇದೇ ಕಾರಣ. ಗೆರೆ ಎಳೆದ ಅಂಚಿನ ಕೆಳಗೆ ವಾರದೊಳಗೆ ಹೊಸ ಕೂದಲು ಮೊಳೆತು ಕಾಣುತ್ತದೆ.

ಬಾಚಿದ ಕೂದಲು ನಿಲ್ಲುವುದೇಕೆ, ಬೀಳುವುದೇಕೆ

ಇನ್ನು ಡಬ್ಬಿಗಳ ಕಡೆಗೆ. ಅದಕ್ಕೂ ಮೊದಲು ಕೂದಲಿನ ಒಳಗೊಮ್ಮೆ ಇಣುಕಬೇಕು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳ ಕಟ್ಟು. ಎಳೆಎಳೆಯ ನಡುವಿನ ಬಂಧಗಳಲ್ಲಿ ಎರಡು ಬಗೆ ಇಲ್ಲಿ ಮುಖ್ಯ. ಗಂಧಕದ ಬಂಧಗಳು ಗಟ್ಟಿ. ಕೂದಲು ನೇರವೋ ಗುಂಗುರೋ ಎಂಬ ಹುಟ್ಟಾಕಾರವನ್ನು ಕಾಯುವುದರಲ್ಲಿ ಅವುಗಳ ಪಾತ್ರ ದೊಡ್ಡದು, ಅವನ್ನು ಮುರಿಯಲು ಪಾರ್ಲರಿನ ರಾಸಾಯನಿಕವೇ ಬೇಕು. ಇನ್ನೊಂದು ಹೈಡ್ರೋಜನ್ ಬಂಧ. ಅದು ನೀರು ತಗುಲಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಒಣಗುವಾಗ ಕೂದಲು ಯಾವ ಭಂಗಿಯಲ್ಲಿತ್ತೋ ಆ ಭಂಗಿಯಲ್ಲೇ ಕಟ್ಟಿಕೊಳ್ಳುತ್ತದೆ.

ರಾತ್ರಿ ಒದ್ದೆ ತಲೆಯಲ್ಲಿ ಮಲಗಿದವನ ಕೂದಲು ಬೆಳಿಗ್ಗೆ ಒಂದು ಕಡೆ ಚಪ್ಪಟೆಯಾಗಿರುವುದು ಇದಕ್ಕೇ. ಮತ್ತೆ ನೀರು ಹಚ್ಚಿದರೆ ಸರಿಹೋಗುವುದೂ ಇದಕ್ಕೇ. ಸಲೂನಿನಲ್ಲಿ ಡ್ರೈಯರ್ ಹಿಡಿದು ಬ್ರಷ್‌ನಿಂದ ಎತ್ತಿ ನಿಲ್ಲಿಸಿದ ಕೂದಲು ಮಂಗಳೂರಿನ ರಸ್ತೆಗಿಳಿದ ಸ್ವಲ್ಪ ಹೊತ್ತಿಗೇ ಕುಸಿಯುತ್ತದೆ. ಕರಾವಳಿಯ ಗಾಳಿಯಲ್ಲಿರುವ ತೇವವೇ ಆ ಬಂಧಗಳನ್ನು ಸಡಿಲಿಸುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಣ, ಅಲ್ಲಿ ತೊಂದರೆ ಕೊಡುವುದು ನೆತ್ತಿಯ ಬೆವರು. ಜೆಲ್, ವ್ಯಾಕ್ಸ್‌ನಂಥ ಹಿಡಿತದ ಪದಾರ್ಥಗಳೆಲ್ಲ ಮಾಡುವುದು ಇಷ್ಟೇ: ಒಣಗಿದಾಗ ಸಿಕ್ಕ ಭಂಗಿಯನ್ನು ಇನ್ನಷ್ಟು ಹೊತ್ತು ಹಿಡಿದಿಡುವುದು.

ಒಣಗುವ ಡಬ್ಬಿ, ಒಣಗದ ಡಬ್ಬಿ

ಅಂಗಡಿಯಲ್ಲಿ ಎಷ್ಟೇ ಹೆಸರುಗಳಿರಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಹಚ್ಚಿದ ಮೇಲೆ ಇದು ಒಣಗಿ ಗಟ್ಟಿಯಾಗುತ್ತದೋ, ಇಲ್ಲವೋ?

ಜೆಲ್ ಒಣಗುತ್ತದೆ. ಅದರಲ್ಲಿ ಬಹುಪಾಲು ನೀರು, ಜೊತೆಗೆ ಪಿವಿಪಿಯಂಥ ಪಾಲಿಮರ್. ನೀರು ಆರಿದ ಮೇಲೆ ಪಾಲಿಮರ್ ತೆಳ್ಳನೆಯ ಪೊರೆಯಾಗಿ ಕೂದಲುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪಂಚೆಗೆ ಗಂಜಿ ಹಾಕಿದ ಹಾಗೆಯೇ: ಒದ್ದೆಯಿರುವಾಗ ಮೆತ್ತಗೆ, ಒಣಗಿದರೆ ಖಡಕ್, ಮುರಿದರೆ ನೆರಿಗೆ. ಒಣಗಿದ ಜೆಲ್ ಮೇಲೆ ಬಾಚಣಿಗೆ ಆಡಿಸಿದರೆ ಆ ಪೊರೆ ಪುಡಿಯಾಗಿ ಬಿಳಿ ಬಿಳಿ ಉದುರುತ್ತದೆ, ನೋಡಿದವರು ಹೊಟ್ಟು ಅಂದುಕೊಳ್ಳುತ್ತಾರೆ. ಹೇರ್ ಸ್ಪ್ರೇ ಕೂಡ ಇದೇ ಜಾತಿಯದು, ನೀರಿನ ಬದಲು ಬೇಗ ಆರುವ ಆಲ್ಕೋಹಾಲ್ ಇರುತ್ತದೆ. ಹಾಗಾಗಿ ದೇವರ ದೀಪದ ಹತ್ತಿರವೋ ಗ್ಯಾಸ್ ಒಲೆಯ ಹತ್ತಿರವೋ ನಿಂತು ಹೊಡೆದುಕೊಳ್ಳಬಾರದು.

ವ್ಯಾಕ್ಸ್ ಒಣಗುವುದಿಲ್ಲ. ಜೇನುಮೇಣ, ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಇವುಗಳ ಮಿಶ್ರಣ ಅದು. ತನ್ನ ಅಂಟಿನಿಂದಲೇ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನ ಕೂದಲು ಕೆದರಿದರೆ ಬೆರಳಾಡಿಸಿ ಮತ್ತೆ ಸರಿಮಾಡಬಹುದು.

ನಮ್ಮ ತಂದೆ ತಾತಂದಿರ ಬ್ರಿಲ್‌ಕ್ರೀಮ್ ಕೂಡ ಒಣಗದ ಗುಂಪಿನದೇ. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು, ಖನಿಜ ತೈಲ ಮತ್ತು ನೀರನ್ನು ಜೇನುಮೇಣದ ಜೊತೆ ಕದಡಿದ ಬಿಳಿ ಕ್ರೀಮು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಯವರನ್ನು ‘ಬ್ರಿಲ್‌ಕ್ರೀಮ್ ಹುಡುಗರು’ ಎಂದೇ ಕರೆಯುತ್ತಿದ್ದರು. ಅದರ ಹೊಳಪೇ ಆ ಕಾಲದ ಶೋಕಿ. ಇವತ್ತಿನ ಹುಡುಗರಿಗೆ ಬೇಕಿರುವುದು ಅದರ ತದ್ವಿರುದ್ಧ, ಏನೂ ಹಚ್ಚಿಲ್ಲವೇನೋ ಅನ್ನಿಸುವ ಮ್ಯಾಟ್ ನೋಟ.

ಆ ಬೇಡಿಕೆಗೆ ಬಂದದ್ದೇ ಕ್ಲೇ. ಮೇಣದ ಜೊತೆ ಬೆಂಟೊನೈಟ್ ಅಥವಾ ಕೇಯೋಲಿನ್ ಎಂಬ ನುಣ್ಣನೆಯ ಜೇಡಿಮಣ್ಣು ಸೇರಿಸುತ್ತಾರೆ. ಮಣ್ಣು ಎಣ್ಣೆಯನ್ನು ಹೀರುತ್ತದೆ, ಹೊಳಪು ಹೋಗುತ್ತದೆ, ಕೂದಲು ದಪ್ಪವಾದಂತೆ ಕಾಣುತ್ತದೆ. ಪೌಡರ್ ಇನ್ನೂ ಹಗುರ. ಅದರಲ್ಲಿರುವುದು ಸಿಲಿಕಾದ ಒಂದು ರೂಪ. ಬುಡಕ್ಕೆ ಚಿಟಿಕೆಯಷ್ಟು ಉದುರಿಸಿ ಬೆರಳಲ್ಲಿ ಉಜ್ಜಿದರೆ ಕೂದಲು ಕೂದಲಿನ ಮೇಲೆ ಜಾರುವುದು ನಿಂತು ಎದ್ದು ನಿಲ್ಲುತ್ತದೆ. ತೆಳು ಕೂದಲಿನವರಿಗೆ ಒಳ್ಳೆಯದು, ಆದರೆ ಕೈಗೆ ತಾಕಿದರೆ ಒರಟು.

ಪೊಮೇಡ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಎಣ್ಣೆಯದು ಒಣಗದು, ಹೊಳೆಯುತ್ತದೆ, ಒಂದು ಸಲದ ಶಾಂಪೂಗೆ ಹೋಗುವುದೂ ಇಲ್ಲ. ತೆಗೆಯಲು ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ಸಡಿಲಿಸಿ, ಆಮೇಲೆ ಶಾಂಪೂ ಹಾಕಬೇಕು. ನೀರಿನ ಪೊಮೇಡ್ ಸ್ನಾನಕ್ಕೇ ಕರಗುತ್ತದೆ.

ಸೀರಮ್ ಹಿಡಿತಕ್ಕಲ್ಲ. ಅದು ಸಿಲಿಕೋನ್. ಕೂದಲ ಮೇಲ್ಮೈಗೆ ಲೇಪವಾಗಿ ನಯ ತರುತ್ತದೆ, ಗುಂಗುರು ಕೂದಲಿನವರು ಮಳೆಗಾಲದಲ್ಲಿ ಎರಡು ಹನಿ ಹಚ್ಚಿಕೊಂಡರೆ ಕೆದರುವುದು ಕಡಿಮೆ. ಕೊಬ್ಬರಿ ಎಣ್ಣೆಯ ಕತೆ ಬೇರೆ. ಅದರ ಲಾರಿಕ್ ಆಮ್ಲ ಕೂದಲಿನ ಒಳಗೇ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸವೆಯುವುದನ್ನು ತಗ್ಗಿಸುತ್ತದೆ. ಆರೈಕೆಗೆ ಉತ್ತಮ, ಹಿಡಿತ ಮಾತ್ರ ಕೊಡದು. ಎಣ್ಣೆ ಹಚ್ಚಿದ ತಲೆಗೆ ಜೆಲ್ ಸರಿಯಾಗಿ ಅಂಟುವುದೂ ಇಲ್ಲ.

ಲೇಬಲ್‌ನಲ್ಲಿ ನೋಡಬೇಕಾದ್ದು

ಡಬ್ಬಿಯ ಮುಂದೆ ಬರೆದ ‘ಸ್ಟ್ರಾಂಗ್ ಹೋಲ್ಡ್’ಗೆ ಯಾವ ಸಾಮಾನ್ಯ ಅಳತೆಗೋಲೂ ಇಲ್ಲ. ಒಬ್ಬರ ಸ್ಟ್ರಾಂಗ್ ಇನ್ನೊಬ್ಬರ ಮೀಡಿಯಮ್. ತಿರುಗಿಸಿ ಹಿಂದೆ ಓದಿ. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಮೊದಲ ಹೆಸರು ಆಕ್ವಾ ಎಂದಿದ್ದರೆ ಅದರಲ್ಲಿ ಹೆಚ್ಚಿರುವುದು ನೀರು, ಸಾಮಾನ್ಯವಾಗಿ ಸುಲಭವಾಗಿ ತೊಳೆದು ಹೋಗುತ್ತದೆ. ಪೆಟ್ರೋಲಾಟಮ್, ಪ್ಯಾರಾಫಿನ್, ಬೀಸ್‌ವ್ಯಾಕ್ಸ್ ಮೊದಲಿದ್ದರೆ ಎಣ್ಣೆಮೇಣದ ಸರಕು. ‘ಬಾದಾಮಿಯುಕ್ತ’ ಎಂದು ದೊಡ್ಡಕ್ಷರದಲ್ಲಿ ಮುಂದೆ ಬರೆದ ಬಾದಾಮಿ ಹಿಂದಿನ ಪಟ್ಟಿಯಲ್ಲಿ ಎಷ್ಟನೆಯ ಜಾಗದಲ್ಲಿದೆ ಎಂದು ಹುಡುಕುವುದೂ ಒಂದು ಮೋಜು.

ಹಚ್ಚುವ ರೀತಿ, ಮತ್ತು ಹೆಲ್ಮೆಟ್

ಹೆಚ್ಚಿನವರು ಹಚ್ಚುವುದು ಜಾಸ್ತಿ, ಅದೂ ನೇರ ಮುಂಗೂದಲಿಗೆ. ಕಡಲೆಕಾಳಿನಷ್ಟು ತೆಗೆದು, ಅಂಗೈಯಲ್ಲಿ ಕಾಣದಂತಾಗುವವರೆಗೆ ಉಜ್ಜಿ, ಹಿಂದಿನಿಂದ ಬುಡಕ್ಕೆ ಹಚ್ಚುತ್ತಾ ಬಂದು, ಕೈಯಲ್ಲಿ ಉಳಿದದ್ದನ್ನು ಮಾತ್ರ ಮುಂದಕ್ಕೆ ಸವರಬೇಕು. ಸಾಲದಿದ್ದರೆ ಇನ್ನಷ್ಟು ತೆಗೆಯಬಹುದು, ಹೆಚ್ಚಾದರೆ ತೊಳೆಯುವುದೇ ಗತಿ. ಜೆಲ್ಲನ್ನು ಅರೆ ಒದ್ದೆ ಕೂದಲಿಗೆ, ಕ್ಲೇಯನ್ನು ಒಣಗಿದ ಕೂದಲಿಗೆ ಹಚ್ಚಿ.

ನಿತ್ಯ ಬೈಕಿನಲ್ಲಿ ಓಡಾಡುವವರ ಪಾಡು ಬೇರೆ. ಹೆಲ್ಮೆಟ್ ಒಳಗೆ ಬೆವರು ಮತ್ತು ಒತ್ತಡ ಎರಡೂ ಸೇರಿ ಕೂದಲನ್ನು ಹೊಸ ಭಂಗಿಗೆ ಕೂರಿಸಿಬಿಡುತ್ತವೆ. ಮನೆಯಲ್ಲಿ ಜೆಲ್ ಹಚ್ಚಿ ಹೊರಟರೆ ಆಫೀಸಿನಲ್ಲಿ ಪೊರೆ ಪುಡಿಯಾಗಿರುತ್ತದೆ. ಅಂಥವರಿಗೆ ಒಣಗದ ಬಗೆಯದ್ದೇ ಸರಿ, ಅದನ್ನೂ ತಲುಪಿದ ಮೇಲೆ, ಕೈ ಒದ್ದೆ ಮಾಡಿಕೊಂಡು ಬುಡ ಸಡಿಲಿಸಿ, ಆರಿದ ನಂತರ ಹಚ್ಚುವುದು ಒಳಿತು. ಎತ್ತರಕ್ಕೆ ನಿಲ್ಲಿಸುವ ಕಟಿಂಗ್‌ಗಿಂತ ಮುಂದಕ್ಕೆ ಮಲಗುವ ಗಿಡ್ಡ ಕ್ರಾಪು ಹೆಲ್ಮೆಟ್ಟಿಗೆ ಜಗ್ಗುವುದಿಲ್ಲ.

ಇದನ್ನೆಲ್ಲ ಹಚ್ಚಿದರೆ ಕೂದಲು ಉದುರುತ್ತದಾ?

ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಜೀವ ಇರುವುದು ಚರ್ಮದ ಕೆಳಗಿನ ಬುಡದಲ್ಲಿ. ಜೆಲ್, ವ್ಯಾಕ್ಸ್‌ಗಳ ಕೆಲಸವೆಲ್ಲ ಹೊರಗಿನ ಎಳೆಯ ಮೇಲೆ. ಗಂಡಸರ ಬೋಳಿಗೆ ಮುಖ್ಯ ಕಾರಣ ವಂಶವಾಹಿ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು. ಅದು ಹಣೆಯ ಎರಡು ಮೂಲೆ, ನೆತ್ತಿಯ ಸುಳಿಯ ಸುತ್ತ ಶುರುವಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಹಾಗೆಂದು ಹಚ್ಚಿದ್ದನ್ನು ತೊಳೆಯದೆ ಮಲಗಬಹುದು ಎಂದಲ್ಲ. ಎಣ್ಣೆಮೇಣ ಹಣೆಗಿಳಿದರೆ ಅಂಚಿನುದ್ದಕ್ಕೂ ಮೊಡವೆ, ನೆತ್ತಿಯಲ್ಲಿ ಉಳಿದರೆ ತುರಿಕೆ. ಉದ್ದ ಕೂದಲನ್ನು ನಿತ್ಯ ಬಿಗಿಯಾಗಿ ಎಳೆದು ಜುಟ್ಟು ಕಟ್ಟಿದರೆ ಬುಡಕ್ಕೇ ಪೆಟ್ಟು, ಅದರಿಂದ ನಿಜವಾಗಿಯೂ ಕೂದಲು ಹೋಗುತ್ತದೆ.

ಕೂದಲು ತೆಳ್ಳಗಾಗುತ್ತಿರುವವರು ಉಳಿದದ್ದನ್ನು ಉದ್ದ ಬೆಳೆಸಿ ಬೋಳಿನ ಮೇಲೆ ಹೊದಿಸುವುದು ನಮ್ಮಲ್ಲಿ ಹಳೆಯ ಉಪಾಯ. ಗಾಳಿ ಬೀಸುವವರೆಗೆ ಅದು ನಡೆಯುತ್ತದೆ. ಪಕ್ಕವನ್ನು ಚೆನ್ನಾಗಿ ಇಳಿಸಿ ಮೇಲೂ ಗಿಡ್ಡ ಇಟ್ಟರೆ ಎರಡರ ನಡುವಿನ ದಟ್ಟಣೆಯ ವ್ಯತ್ಯಾಸ ಕಮ್ಮಿಯಾಗಿ, ತೆಳುವಾದದ್ದು ಅಷ್ಟು ಎದ್ದು ಕಾಣುವುದಿಲ್ಲ. ಹೊಳೆಯುವ ಜೆಲ್ ಇವರಿಗೆ ಬೇಡವೇ ಬೇಡ. ಅದು ಕೂದಲುಗಳನ್ನು ಗುಂಪುಗುಂಪಾಗಿ ಅಂಟಿಸಿ ನಡುವೆ ನೆತ್ತಿಯನ್ನು ತೋರಿಸಿಕೊಡುತ್ತದೆ.

ಬ್ಲೇಡು, ಮಷೀನು, ಮದುವೆ

ಫೇಡ್ ಆಗಲಿ ಸಾದಾ ಕಟಿಂಗ್ ಆಗಲಿ, ಕೊನೆಗೆ ಅಂಚು ತೀಡಲು ಬ್ಲೇಡು ಬರುತ್ತದೆ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಹೆಪಟೈಟಿಸ್ ಬಿ, ಸಿ ಹರಡುವ ಅಪಾಯವಿದೆ. ಕವರ್ ಹರಿದು ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿದು ಹಾಕುವುದು ಈಗ ಬಹುತೇಕ ಕಡೆ ರೂಢಿ, ಹಾಕದಿದ್ದರೆ ಕೇಳುವುದರಲ್ಲಿ ಸಂಕೋಚ ಬೇಡ. ಮಷೀನಿನ ಹಲ್ಲುಗಳ ಬಗ್ಗೆ ಕೇಳುವವರು ಕಡಿಮೆ. ಝೀರೋ ಹಾಕುವಾಗ ಅದು ಚರ್ಮವನ್ನೇ ಸವರುತ್ತದೆ, ಹುಳುಕಡ್ಡಿಯಂಥ ಸೋಂಕು ಅದರಿಂದಲೂ ದಾಟಬಹುದು. ಬ್ರಷ್‌ನಿಂದ ಕೂದಲು ಕೊಡವಿ, ಸ್ಪಿರಿಟ್ ಅಥವಾ ಸ್ಪ್ರೇಯಲ್ಲಿ ಒರೆಸಿ ಹಾಕಿ ಎಂದು ಹೇಳಿ.

ಮದುವೆಗೋ ಇಂಟರ್‌ವ್ಯೂಗೋ ಹೊಸ ಕಟಿಂಗ್ ಮೊದಲ ಬಾರಿ ಮಾಡಿಸುವುದಾದರೆ ತಿಂಗಳ ಮುಂಚೆಯೇ ಒಮ್ಮೆ ಮಾಡಿಸಿ ನೋಡಿ. ಕೆಟ್ಟರೆ ಒಂದು ಸೆಂಟಿಮೀಟರ್ ಬೆಳೆಯಲು ಸಮಯ ಇರುತ್ತದೆ. ಹಿಡಿಸಿದರೆ ಟೇಪರ್‌ನವರು ಮುಹೂರ್ತಕ್ಕೆ ಐದಾರು ದಿನ ಮೊದಲು, ಫೇಡ್‌ನವರು ಒಂದೆರಡು ದಿನ ಮೊದಲು ಮತ್ತೆ ಕೂತರೆ ಸಾಕು. ಮಂಗಳವಾರ ನಮ್ಮಲ್ಲಿ ಬಹುತೇಕ ಸಲೂನುಗಳಿಗೆ ರಜೆ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ. ಭಾನುವಾರ ಬೆಳಿಗ್ಗೆ ಹತ್ತು ಜನ ಬೆಂಚಿನ ಮೇಲೆ ಕಾಯುತ್ತಿರುವಾಗ ಫೇಡ್ ಕೇಳಬೇಡಿ, ಅದಕ್ಕೆ ಬೇಕಾದ ಮುಕ್ಕಾಲು ಗಂಟೆ ಆಗ ಯಾರ ಹತ್ತಿರವೂ ಇರುವುದಿಲ್ಲ.